ಹಲವು ಆಸಕ್ತಿಗಳನ್ನು ಜೊತೆಯಾಗಿ ನಡೆಸಿಕೊಂಡು ಹೋಗುವುದು ಹೇಗೆ? ಅನುಭವ ತಿಳಿಸಿ

ಪ್ರಶ್ನೆ (ಕಾಸರಗೋಡಿನ ಪೆರ್ಲದಿಂದ)

ನನಗೆ 26 ವರ್ಷ. ಸಹಕಾರಿ ಬ್ಯಾಂಕೊಂದರಲ್ಲಿ ಉದ್ಯೋಗ. ಮದ್ದಳೆ ಕಲಿಯುತ್ತಿದ್ದೇನೆ, ಮಲಯಾಳದ ಕಥೆಗಳನ್ನು ಕನ್ನಡಕ್ಕೆ ಅನುವಾದಿಸುತ್ತೇನೆ, ತೋಟದಂಚಿನ ಚಿಟ್ಟೆಗಳ ಚಿತ್ರ ತೆಗೆದು ಹೆಸರು ಗುರುತಿಸುತ್ತೇನೆ, ಈಗ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯುವ ಆಸೆಯೂ ಹುಟ್ಟಿದೆ. "ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು" ಎಂದು ಸೋದರಮಾವ ಹೇಳುತ್ತಾರೆ. ಯಾವುದನ್ನೂ ಬಿಡಲು ಮನಸ್ಸಿಲ್ಲ. ಹೀಗೆ ಬದುಕಿದವರು ತಮ್ಮ ಅನುಭವವನ್ನು ದಯವಿಟ್ಟು ಹಂಚಿಕೊಳ್ಳಿ.

ಬದಿಯಡ್ಕದ ಕೃಷಿಕರೊಬ್ಬರು

ನಾನು ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಂಡವನು. ಇದರ ಜೊತೆಗೆ ಮೂವತ್ತು ವರ್ಷಗಳಿಂದ ತಾಳಮದ್ದಳೆಯಲ್ಲಿ (ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಅರ್ಥ, ಎಂದರೆ ಪಾತ್ರದ ಮಾತು, ಹೇಳುತ್ತಿದ್ದೇನೆ. ಹಳೆಯ ತಾಳೆಗರಿಗಳನ್ನು ಓದುವ ಅಭ್ಯಾಸವೂ ಇದೆ. ಮೊದಲ ಕೆಲವು ವರ್ಷ ಎಲ್ಲವನ್ನೂ ದಿನಾ ಸ್ವಲ್ಪ ಸ್ವಲ್ಪ ಮಾಡಲು ಹೊರಟು, ಒಂದೂ ಸರಿಯಾಗಿ ಆಗಲಿಲ್ಲವೆಂಬ ಬೇಸರದಲ್ಲಿ ಮಲಗುತ್ತಿದ್ದೆ. ದಿನವನ್ನು ಹಂಚುವುದನ್ನು ಬಿಟ್ಟು ವರ್ಷವನ್ನು ಹಂಚಿಕೊಂಡ ಮೇಲೆಯೇ ನನಗೆ ಸಮಾಧಾನ ಸಿಕ್ಕಿತು.

ನಮ್ಮ ಸೀಮೆಯಲ್ಲಿ ಈ ಹಂಚಿಕೆ ಹಿರಿಯರ ಕಾಲದಿಂದಲೇ ಇದೆ. ದೀಪಾವಳಿಯ ಅನಂತರ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟು, ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಮಳೆ ಹಿಡಿಯುವ ಮೊದಲೇ ಅಡಿಕೆಗೆ ಮದ್ದು ಬಿಡಬೇಕು, 40–45 ದಿನ ಕಳೆದು ಎರಡನೆಯ ಮದ್ದು. ಆಟಿಯಲ್ಲಿ (ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳು) ಹೊರಗೆ ಕಾಲಿಡಲಾಗದಷ್ಟು ಮಳೆ ಸುರಿಯುವಾಗ ಚಾವಡಿಯಲ್ಲಿ ಓದು ಮತ್ತು ತಾಳಮದ್ದಳೆ. ಆಟಿಯಲ್ಲಿ ತಾಳೆಗರಿ ಬಿಚ್ಚಿದವನು ಬೇಸಗೆಯಲ್ಲಿ ಅದನ್ನು ಮುಟ್ಟಲಿಲ್ಲವೆಂದು ನಾನು ಈಗ ಕೊರಗುವುದಿಲ್ಲ. ಅದರ ಕಾಲ ಮತ್ತೆ ಬರುತ್ತದೆ ಎಂದು ಗೊತ್ತಿರುತ್ತದೆ.

ಮಾವನವರ ಮಾತಿಗೆ ನನ್ನ ಉತ್ತರವನ್ನೂ ಹೇಳುತ್ತೇನೆ. ಅಡಿಕೆಗೆ ಬಿಡುವ ಮದ್ದಾದ ಬೋರ್ಡೊ ದ್ರಾವಣಕ್ಕೆ 1 ಕಿಲೋ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ ಕರಗಿಸಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕದಡಿ, ಎರಡನ್ನೂ ಬೆರೆಸುತ್ತೇವೆ. ನನ್ನ ತಂದೆಯವರು ಉಜ್ಜಿದ ಚೂರಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿದು, ಅಲಗು ಕೆಂಪಾದರೆ "ಸುಣ್ಣ ಸಾಲದು" ಎನ್ನುತ್ತಿದ್ದರು. ಕಬ್ಬಿಣವು ದ್ರಾವಣದಲ್ಲಿರುವ ತಾಮ್ರವನ್ನು ಹೊರಗೆಳೆಯುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲಿ ಸಮೀಕರಣವಾಗಿ ಬರೆದು ಅಂಕ ಪಡೆದಿದ್ದೆ. ಅದೇ ಇದು ಎಂದು ಹೊಳೆದದ್ದು ಮಾತ್ರ ನಮ್ಮ ಮನೆಯ ಅಂಗಳದಲ್ಲಿ, ಅಲಗಿನ ಮೇಲೆ ತಾಮ್ರದ ಬಣ್ಣ ಮೂಡುವುದನ್ನು ಕಂಡಾಗ. ಎದುರು ಅರ್ಥಧಾರಿಯ ವಾದದಲ್ಲಿ ಆಧಾರ ಎಲ್ಲಿ ಸಾಲದೆಂದು ಗುರುತಿಸುವ ಅಭ್ಯಾಸವೂ ಹಾಗೆಯೇ, ತಾಳೆಗರಿಯಲ್ಲಿ ಲಿಪಿಕಾರನ ತಪ್ಪನ್ನು ಹಿಡಿಯಲು ನನಗೆ ಒದಗಿತು. ಒಂದನ್ನೇ ಹಿಡಿದಿದ್ದರೆ ಆ ಒಂದೂ ಇಷ್ಟು ತಿಳಿಯುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಮಂಜೇಶ್ವರದ ನಿವೃತ್ತ ಅಧ್ಯಾಪಕಿ

ಮೇಲಿನವರ ಮಾತನ್ನು ಒಪ್ಪುತ್ತೇನೆ. ನಮ್ಮ ಊರಿನ ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಕವಿಯೂ ಹೌದು, ಇತಿಹಾಸ ಸಂಶೋಧಕರೂ ಹೌದು. ಕ್ರಿಸ್ತನ ಮತ್ತು ಬುದ್ಧನ ಕೊನೆಯ ದಿನಗಳನ್ನು ಖಂಡಕಾವ್ಯಗಳಾಗಿ ಬರೆದವರೇ ಜಪಾನಿನ ನೋ ನಾಟಕಗಳನ್ನೂ ಕನ್ನಡಕ್ಕೆ ತಂದರು. ಕೆಲಸಗಳು ಹಲವಾಗಿ ಕಂಡರೂ ಅವರು ಕಲಿತ ಹತ್ತಾರು ಭಾಷೆಗಳು ಅವೆಲ್ಲಕ್ಕೂ ಅಡಿಪಾಯವಾಗಿದ್ದವು. ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಶಾಲೆಯಲ್ಲಿ ಪಾಠ ಹೇಳುತ್ತ, ಕೃಷಿ ಮಾಡುತ್ತ, ಕನ್ನಡ ತುಳು ಎರಡರಲ್ಲಿಯೂ ಕವಿತೆ ಬರೆಯುತ್ತ ಕಾಸರಗೋಡಿನ ಕನ್ನಡಕ್ಕಾಗಿ ನೂರು ವರ್ಷದ ಬಾಳನ್ನು ಸವೆಸಿದರು. ನಿಮ್ಮ ಆಸಕ್ತಿಗಳ ಕೆಳಗೂ ಅಂಥದೊಂದು ಅಡಿಪಾಯ ಇದೆಯೇ ಎಂದು ಹುಡುಕಿ ನೋಡಿ. ಚಿಟ್ಟೆಯ ಹೆಸರು ಗುರುತಿಸುವುದರಲ್ಲಿಯೂ ಅನುವಾದದಲ್ಲಿಯೂ ಸರಿಯಾದ ಒಂದು ಹೆಸರಿಗಾಗಿ ಕಾಯುವ ತಾಳ್ಮೆ ಬೇಕು; ಅದು ನಿಮ್ಮಲ್ಲಿ ಈಗಾಗಲೇ ಇದೆಯೆಂದು ನನಗೆ ತೋರುತ್ತದೆ.

ನನ್ನ ಅನುಭವದ ಒಂದು ಸಂಗತಿ: ನಾನು ಕೈಗೆತ್ತಿಕೊಂಡವುಗಳಲ್ಲಿ ಉಳಿದದ್ದು, ಯಾರಾದರೂ ಅದಕ್ಕಾಗಿ ಕಾಯುತ್ತಿದ್ದಂಥದು ಮಾತ್ರ. ಮಲಯಾಳದಲ್ಲಿ ಬಂದ ಕಛೇರಿಯ ಪತ್ರವನ್ನು ಓದಿಸಿಕೊಳ್ಳಲು ನೆರೆಯ ಅಮ್ಮನೊಬ್ಬರು ವಾರಕ್ಕೊಮ್ಮೆ ಬರುತ್ತಿದ್ದರು. ಅವರಿಗೆ ಅರ್ಥ ಹೇಳುತ್ತ ಹೇಳುತ್ತ ನನ್ನ ಅನುವಾದ ಬೆಳೆಯಿತು. ಒಬ್ಬಳೇ ಕುಳಿತು ಆರಂಭಿಸಿದ ವೀಣೆ ಎರಡು ವರ್ಷವೂ ಬಾಳಲಿಲ್ಲ.

ಮುಳ್ಳೇರಿಯದವನು, ಈಗ ಕೊಚ್ಚಿಯಲ್ಲಿ ಉದ್ಯೋಗ

ಹಿರಿಯರಿಬ್ಬರ ಮಾತಿಗೆ ಒಂದು ಎಚ್ಚರಿಕೆಯನ್ನು ಸೇರಿಸಬೇಕೆನಿಸುತ್ತದೆ. ನಾನೂ ಮದ್ದಳೆ ಕಲಿತೆ. ಮೂರನೆಯ ತಿಂಗಳು ಬೆರಳ ತುದಿ ಉರಿಯತೊಡಗಿ, ಏಕತಾಳ ಹಿಡಿತಕ್ಕೆ ಬಂದರೂ ಝಂಪೆಯಲ್ಲಿ ಕೈ ತಪ್ಪುತ್ತಿದ್ದ ದಿನಗಳಲ್ಲಿಯೇ ನನಗೆ ಫೋಟೋಗ್ರಫಿಯ ಮೇಲೆ ಆಸೆ ಹುಟ್ಟಿತು. ಫೋಟೋಗ್ರಫಿ ಕಷ್ಟವಾದಾಗ ಪ್ರೋಗ್ರಾಮಿಂಗ್. ಕಲಿತು ಮುಗಿಸಿ ಬಿಡುವುದು ಬೇರೆ, ಕಠಿಣವಾದಲ್ಲಿ ಬಿಡುವುದು ಬೇರೆ ಎಂಬುದು ನನಗೆ ತಡವಾಗಿ ತಿಳಿಯಿತು. ಪ್ರೋಗ್ರಾಮಿಂಗ್ ಅನ್ನಕ್ಕೆ ದಾರಿಯಾದದ್ದು ಅದರ ಕಠಿಣವಾದ ಭಾಗವನ್ನು ದಾಟಲೇಬೇಕಾದ ಪರಿಸ್ಥಿತಿ ಇದ್ದುದರಿಂದ. ಆದ್ದರಿಂದ ಹೊಸದರ ಆಸೆ ಯಾವ ದಿನ ಹುಟ್ಟಿತು, ಆ ದಿನ ಹಳೆಯದರಲ್ಲಿ ನೀವು ಎಲ್ಲಿ ತಡೆದು ನಿಂತಿದ್ದಿರಿ ಎಂಬುದನ್ನು ಬರೆದಿಡಿ. ನಿಮ್ಮ ಮದ್ದಳೆ ಈಗ ಯಾವ ತಾಳದಲ್ಲಿದೆ?

ಪ್ರಶ್ನೆ ಕೇಳಿದವರು

ತ್ರಿವುಡೆಯಲ್ಲಿ ನಿಂತಿದೆ, ಎರಡು ತಿಂಗಳಾಯಿತು. ಪ್ರೋಗ್ರಾಮಿಂಗಿನ ಆಸೆಯೂ ಎರಡೇ ತಿಂಗಳಿನದು. ಗುರುಗಳು ಪ್ರತಿ ಭಾನುವಾರ ಕಾಯುತ್ತಾರೆ. ಪತ್ತನಾಜೆಯವರೆಗೆ ಮದ್ದಳೆಯನ್ನೇ ಹಿಡಿಯುತ್ತೇನೆ, ಅನುವಾದವನ್ನು ಆಟಿಗೆ ಇಟ್ಟುಕೊಳ್ಳುತ್ತೇನೆ. ಚಿಟ್ಟೆಗಳು ಮಾತ್ರ ನಾನು ಹೇಳಿದ ಕಾಲಕ್ಕೆ ಬರುವುದಿಲ್ಲ, ಅವನ್ನು ಬಂದಾಗ ನೋಡುತ್ತೇನೆ.