ಮಳೆಗಾಲಕ್ಕೆ ಮುಂಚೆ ನಾಯಿಗೆ ಇಲಿ ಜ್ವರದ ಲಸಿಕೆ: ಯಾವಾಗ, ಎಷ್ಟು ಡೋಸ್?

ಅಡಿಕೆತೋಟ: ತೀರ್ಥಹಳ್ಳಿ ಕಡೆ ತೋಟದ ಮನೆ. ಮೂರು ವರ್ಷದ ನಾಯಿ ದಿನವಿಡೀ ಬಸಿಗಾಲುವೆಯಲ್ಲೇ ಇರುತ್ತೆ, ಅಲ್ಲೇ ನೀರು ಕುಡಿಯುತ್ತೆ. ಕೊಟ್ಟಿಗೆಯಲ್ಲಿ ಇಲಿ ಕಾಟ ಬೇರೆ. ಹಲವು ರೋಗಗಳಿಗೆ ಒಟ್ಟಿಗೇ ಹಾಕುವ ‘ನೈನ್ ಇನ್ ಒನ್’ ಲಸಿಕೆ ಹಾಕಿಸಿ ಎರಡು ವರ್ಷ ದಾಟಿದೆ. ಈಗ ಒಂದು ಇಂಜೆಕ್ಷನ್ ಸಾಕಾ? ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ (ಆ್ಯಂಟಿಬಯಾಟಿಕ್) ಮಾತ್ರೆ ಕೊಡಬಹುದಾ?

ಪಶುವೈದ್ಯ_ಮಲೆನಾಡು: ಒಂದು ಸಾಲದು. ಆ ಲಸಿಕೆಯಲ್ಲಿ ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳ ಭಾಗದ ರಕ್ಷಣೆ ಮೂರು ವರ್ಷ ಬಾಳಬಹುದು, ಲೆಪ್ಟೊಗೆ, ಅಂದರೆ ಇಲಿ ಜ್ವರದ ಭಾಗಕ್ಕೆ, ಒಂದೇ ವರ್ಷ. ಇಷ್ಟು ಅಂತರ ಬಿದ್ದಮೇಲೆ ಮೊದಲಿಂದ ಶುರುಮಾಡಬೇಕು: ಎರಡು ಡೋಸ್, ನಡುವೆ 3–4 ವಾರ, ಆಮೇಲೆ ವರ್ಷಾ ವರ್ಷ. ಜೂನ್ ಮಳೆಗೆ ತಯಾರಾಗಲು ಏಪ್ರಿಲ್‌ನಲ್ಲೇ ಮೊದಲ ಡೋಸ್ ಆಗಲಿ.

ಬಹಳ ಜನ ಗಮನಿಸದ ವಿಷಯ: ಹಲವು ಲಸಿಕೆಗಳಲ್ಲಿ ಲೆಪ್ಟೊ ಇರುವುದು ಪುಡಿಯಲ್ಲಲ್ಲ, ಜೊತೆಗಿನ ದ್ರವದ ಬಾಟಲಿಯಲ್ಲಿ. ಪುಡಿಯನ್ನು ಬರೀ ನೀರಲ್ಲಿ ಕರಗಿಸಿ ಹಾಕಿದರೆ ಲೆಪ್ಟೊ ಬಿಟ್ಟೇ ಹೋಯಿತು. ಎರಡೂ ಬಾಟಲಿಯ ಲೇಬಲ್ ನೋಡಿ, ಪುಸ್ತಕದಲ್ಲಿ ಅಂಟಿಸಿಕೊಳ್ಳಿ. ಇಲಿ ಜ್ವರದ ರೋಗಾಣು ಲೆಪ್ಟೊಸ್ಪೈರಾದಲ್ಲಿ ಬಗೆಗಳು ಹಲವು. ಹಳೆಯ ಲಸಿಕೆಗಳಲ್ಲಿ ಎರಡೇ, ನಾಲ್ಕು ಬಗೆಯದು ಸಿಕ್ಕರೆ ಅದೇ ಒಳ್ಳೆಯದು.

ಮಾತ್ರೆ ಸುಮ್ಮನೆ ಕೊಡಬೇಡಿ. ಮನೆಯ ಒಂದು ನಾಯಿಗೆ ರೋಗ ಖಚಿತವಾದರೆ ಮಾತ್ರ ಜೊತೆಯ ನಾಯಿಗೂ ಎರಡು ವಾರ ಕೊಡುವುದುಂಟು, ತೂಕ ನೋಡಿ ವೈದ್ಯರೇ ಬರೆಯಬೇಕು.

ಕೊಟ್ಟಿಗೆಮನೆ: ಲಸಿಕೆ ಹಾಕಿಸಿ ಇಲಿ ಬಿಟ್ಟರೆ ಅರ್ಧ ಕೆಲಸ. ರೋಗಾಣು ಬರುವುದು ಇಲಿ, ದನ, ಹಂದಿಗಳ ಉಚ್ಚೆಯಿಂದ. ಒದ್ದೆ ಮಣ್ಣು, ನಿಂತ ನೀರಲ್ಲಿ ವಾರಗಟ್ಟಲೆ ಬದುಕುತ್ತದೆ, ಒಣಗಿದರೆ ಸಾಯುತ್ತದೆ. ಹಾಗಾಗಿ ಗಂಜಲದ ಗುಂಡಿ ಮುಚ್ಚಿ, ಬಾಗಿಲ ಬಳಿಯ ಹೊಂಡ ತುಂಬಿ, ಹಿಂಡಿ ಡಬ್ಬಕ್ಕೆ ಬಿಗಿ ಮುಚ್ಚಳ ಹಾಕಿ. ನಾಯಿಯ ಅನ್ನದ ತಟ್ಟೆ ರಾತ್ರಿ ಹೊರಗೆ ಬಿಡಬೇಡಿ. ಬೋನು ಇಡಿ, ಪಾಷಾಣ ಬೇಡ. ವಿಷ ತಿಂದ ಇಲಿಯನ್ನು ನಾಯಿ ತಿಂದರೆ ಅದಕ್ಕೂ ವಿಷವೇ. ನಾಯಿ ತೋಟಕ್ಕೆ ಹೊರಡುವ ಮುಂಚೆ ಮನೆಯಲ್ಲೇ ಹೊಟ್ಟೆ ತುಂಬ ನೀರು ಕುಡಿಸಿ. ಕಾಲಲ್ಲಿ ಗಾಯವಿದ್ದರೆ ಕಾಲುವೆಗೆ ಬಿಡಲೇಬೇಡಿ, ರೋಗಾಣು ಹೊಕ್ಕುವ ಒಂದು ದಾರಿ ಅದು.

ಅಡಿಕೆತೋಟ: ಧನ್ಯವಾದ. ಕಾಯಿಲೆ ಬಂದಿದೆ ಅಂತ ಗೊತ್ತಾಗುವುದು ಹೇಗೆ?

ಪಶುವೈದ್ಯ_ಮಲೆನಾಡು: ಮೊದಲು ಜ್ವರ, ಊಟ ಬಿಡುವುದು, ವಾಂತಿ, ಮೈ ಮುಟ್ಟಿದರೆ ನೋವು. ಆಮೇಲೆ ಉಚ್ಚೆ ಅತಿಯಾಗುತ್ತದೆ ಇಲ್ಲವೇ ನಿಂತೇಹೋಗುತ್ತದೆ. ಕಣ್ಣು, ವಸಡು ಹಳದಿಯಾಗಲಿ ಅಂತ ಕಾಯಬೇಡಿ. ಅಷ್ಟರಲ್ಲಿ ಯಕೃತ್ತು, ಮೂತ್ರಪಿಂಡ ಕೆಟ್ಟಿರಬಹುದು, ಕೆಲವಕ್ಕೆ ಹಳದಿ ಬರುವುದೇ ಇಲ್ಲ. ಮನುಷ್ಯರ ಜ್ವರದ ಮಾತ್ರೆ ಕೊಡಲೇಬೇಡಿ. ರೋಗಾಣು ಪತ್ತೆಯ ಪಿಸಿಆರ್ ಪರೀಕ್ಷೆಗೆ ರಕ್ತ, ಉಚ್ಚೆ ಎರಡನ್ನೂ ಆ್ಯಂಟಿಬಯಾಟಿಕ್ ಶುರುವಾಗುವ ಮುಂಚೆ ತೆಗೆಸಿ, ಇಲ್ಲದಿದ್ದರೆ ರೋಗವಿದ್ದರೂ ‘ಇಲ್ಲ’ ಅಂತ ಬರಬಹುದು. ಸ್ಯಾಂಪಲ್ ತೆಗೆದ ಕೂಡಲೇ ಚಿಕಿತ್ಸೆ ಶುರುವಾಗಲಿ, ವರದಿಗೆ ಕಾಯುವುದಲ್ಲ.

ಇದು ಮನುಷ್ಯರಿಗೂ ಬರುವ ಇಲಿ ಜ್ವರವೇ. ಕೈಗವಸು ಹಾಕಿ ಉಚ್ಚೆ ಒರೆಸಿ, ಜಾಗ ತೊಳೆದು, ಒಂದು ಪಾಲು ದ್ರವ ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಅಲ್ಲಿ ಸುರಿದು ಹತ್ತು ನಿಮಿಷ ಬಿಡಿ. ಕೊಳೆಯ ಮೇಲೇ ಸುರಿದರೆ ಬ್ಲೀಚ್ ಕೆಲಸ ಮಾಡದು. ಪೈಪಿನಿಂದ ರಭಸವಾಗಿ ನೀರು ಹೊಡೆಯಬೇಡಿ, ಹನಿ ಮುಖಕ್ಕೆ ಸಿಡಿಯುತ್ತದೆ. ನಾಯಿಗೆ ಖಚಿತವಾದ ಮೇಲೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಡಾಕ್ಟರಿಗೆ ನಾಯಿಯ ವಿಷಯವನ್ನೂ ಹೇಳಿ.