ಚರ್ಚ್ ಗುಂಪಿನ ಜೊತೆ ಸಮ್ಮರ್ ಕ್ಯಾಂಪ್ ರೆಡಿ ಮಾಡೋಕೆ ಹೋಗ್ತಿದೀನಿ, ಏನೇನು ಕೆಲಸ ಇರುತ್ತೆ?

ಹೊಸಬ_22:
ಫ್ರೆಂಡ್ ಒಬ್ಳು ಅವಳ ಚರ್ಚಿನವರ ಜೊತೆ ಕ್ಯಾಂಪ್ ಜಾಗ ಕ್ಲೀನ್ ಮಾಡೋಕೆ ಎರಡು ದಿನ ಬಾ ಅಂತ ಕರೆದಿದಾಳೆ, ತಿಂಗಳುಗಟ್ಟಲೆ ಬೀಗ ಹಾಕಿದ್ದ ಜಾಗವಂತೆ, ಮಕ್ಕಳು ಬರೋ ಮುಂಚೆ ಎಲ್ಲ ರೆಡಿ ಆಗ್ಬೇಕಂತೆ. ನಾನು ಹೂಂ ಅಂದ್ಬಿಟ್ಟೆ. ಆದ್ರೆ ನಾನು ಚರ್ಚಿಗೆ ಹೋಗೋನಲ್ಲ, ಮರಗೆಲಸಾನೂ ಬರಲ್ಲ, ಮೊಳೆ ಹೊಡೆದ್ರೆ ಬೆರಳಿಗೇ ಬೀಳೋದು. ಹೋಗಿ ಸುಮ್ನೆ ಅಡ್ಡ ನಿಂತ್ಕೊಳ್ಳೋ ಹಾಗಾಗುತ್ತಾ? ಬೆಳಗ್ಗೆ ಪ್ರಾರ್ಥನೆ ಇರುತ್ತಂತೆ, ಆಗ ಏನ್ ಮಾಡ್ಲಿ?

ಬೀಗದಕೈ:
ಪ್ರಾರ್ಥನೆಗೆಲ್ಲ ತಲೆ ಕೆಡಿಸ್ಕೋಬೇಡಿ, ಸುಮ್ನೆ ಹಿಂದೆ ನಿಂತ್ಕೊಂಡ್ರೆ ಸಾಕು. ತಲೆ ಕೆಡಿಸ್ಕೋಬೇಕಾದ್ದು ಇಲಿ ಹಿಕ್ಕೆಗೆ. ಮುಚ್ಚಿಟ್ಟ ರೂಮಲ್ಲಿ ಇದ್ದೇ ಇರುತ್ತೆ, ಎಲ್ರೂ ಮಾಡೋ ತಪ್ಪು ಅಂದ್ರೆ ಒಳಗೆ ಹೋದ ತಕ್ಷಣ ಪೊರಕೆ ಹಿಡಿಯೋದು. ಒಣಗಿದ್ದನ್ನ ಗುಡಿಸಿದ್ರೆ ಧೂಳಿನ ಜೊತೆ ರೋಗಾಣು ಮೂಗಿಗೆ ಹೋಗುತ್ತೆ, ಹಂಟಾವೈರಸ್ ಅಂಥವು ಹರಡೋದು ಹಾಗೇನೇ. ಮೊದ್ಲು ಕಿಟಕಿ ಬಾಗಿಲು ತೆಗೆದು ಅರ್ಧ ಗಂಟೆ ಆಚೆ ಇರಿ. ಆಮೇಲೆ ಗ್ಲೌಸ್ ಹಾಕ್ಕೊಂಡು, 1 ಪಾಲು ಬ್ಲೀಚಿಗೆ 9 ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಯೋ ಹಾಗೆ ಸ್ಪ್ರೇ ಮಾಡಿ 5 ನಿಮಿಷ ಬಿಟ್ಟು ಪೇಪರ್ ಟವೆಲಲ್ಲಿ ಒರೆಸಿ. ಆ ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್ ಮಾತ್ರ ಬೆರೆಸ್ಬೇಡಿ, ವಿಷದ ಗ್ಯಾಸ್ ಬರುತ್ತೆ. "ಜಾಸ್ತಿ ಹೊಳೆಯುತ್ತೆ" ಅಂತ ಒಬ್ರು ಬೆರೆಸೋಕೆ ಹೋಗಿದ್ದು ನಾನೇ ನೋಡಿದೀನಿ.

ಮಂಚದ_ಮೇಸ್ತ್ರಿ:
ಮರಗೆಲಸ ಬರದಿದ್ರೂ ಒಂದು ಸ್ಪ್ಯಾನರ್ ತಗೊಂಡ್ಹೋಗಿ ಮಾರಾಯ್ರೆ. ಅಟ್ಟದ ಮಂಚಗಳನ್ನ, ಅಂದ್ರೆ ಒಂದರ ಮೇಲೊಂದು ಇರೋ ಮಂಚಗಳನ್ನ, ಒಂದೊಂದಾಗಿ ಅಲ್ಲಾಡಿಸಿ ನೋಡೋದು ಯಾರಿಗೂ ಬೇಡದ ಕೆಲಸ, ಎಲ್ರಿಗೂ ಪೈಂಟ್ ಹೊಡೆಯೋದೇ ಬೇಕು, ಫೋಟೋಲಿ ಚೆನ್ನಾಗಿ ಕಾಣುತ್ತಲ್ಲ. ನಟ್ಟು ಬಿಗಿ ಮಾಡಿದ ಮೇಲೆ ನಟ್ಟಿಂದ ಮರದ ಮೇಲಕ್ಕೆ ಮಾರ್ಕರಲ್ಲಿ ಒಂದು ಗೆರೆ ಎಳೀರಿ, ಮಕ್ಕಳು ಕುಣಿದು ಕುಣಿದು ಸಡಿಲ ಆದ್ರೆ ಗೆರೆ ತಪ್ಪಿರುತ್ತೆ, ದೂರದಿಂದ್ಲೇ ಗೊತ್ತಾಗುತ್ತೆ. ಇನ್ನೊಂದು, ಹಳೇ ಹಾಸಿಗೆ ತೆಗೆದು ದಪ್ಪನೇದು ಹಾಕಿದ್ರೆ ಮೇಲಿನ ಮಂಚದಿಂದ ಮಕ್ಕಳು ಬೀಳದ ಹಾಗೆ ತಡೆಯೋ ಅಡ್ಡಪಟ್ಟಿ ಗಿಡ್ಡ ಆಗ್ಬಿಡುತ್ತೆ. ಹಾಸಿಗೆ ಮೇಲೆ ಕಮ್ಮಿ ಅಂದ್ರೂ 5 ಇಂಚು ಪಟ್ಟಿ ಇರ್ಲೇಬೇಕು. ನಮ್ಮ ಗುಂಪಲ್ಲಿ ಹೊಸ ಹಾಸಿಗೆ ಬಂದ ಖುಷಿಗೆ ಯಾರೂ ಅಳತೇನೇ ಮಾಡಿರ್ಲಿಲ್ಲ, ಕೊನೇ ದಿನ ಸಂಜೆ ಟೇಪ್ ಇಟ್ರೆ 3 ಇಂಚು! ರಾತ್ರಿಯೆಲ್ಲ ಟಾರ್ಚ್ ಹಿಡ್ಕೊಂಡು ಪಟ್ಟಿ ಜೋಡಿಸಿದ್ವಿ.

ನಲ್ಲಿ_ನೀರು:
ಏಣಿ ಹತ್ತೋದಿದ್ರೆ 4 ಅಡಿ ಎತ್ತರಕ್ಕೆ 1 ಅಡಿ ಲೆಕ್ಕದಲ್ಲಿ ಬುಡ ಗೋಡೆಯಿಂದ ಆಚೆ ಇಡಿ. ನಲ್ಲಿ, ಶವರ್ ಎಲ್ಲ ಚೆನ್ನಾಗಿ ಹರಿಯೋಕೆ ಬಿಡಿ, ಪೈಪಲ್ಲಿ ತಿಂಗಳುಗಟ್ಟಲೆ ನಿಂತ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತೆ. ಮತ್ತೆ ಕ್ಯಾಂಪ್ ಶುರುವಾದ ಮೇಲೂ ಇರ್ತೀರಾ ಅಂದ್ರೆ ಮಕ್ಕಳ ಜೊತೆ ಇರೋರಿಗೆ ಏನ್ ರೂಲ್ಸ್ ಅಂತ ಮೊದಲೇ ಕೇಳ್ಕೊಳ್ಳಿ, ಒಂದು ಮಗು ಜೊತೆ ಒಬ್ರೇ ದೊಡ್ಡೋರು ಇರಬಾರ್ದು ಅಂತ ಸಾಮಾನ್ಯವಾಗಿ ಇರುತ್ತೆ. ನಿಮ್ಮ ಮೇಲೆ ಅನುಮಾನ ಅಂತಲ್ಲ, ಬೇಜಾರ್ ಮಾಡ್ಕೋಬೇಡಿ.

ಹೊಸಬ_22:
ಹೋಗ್ಬಂದೆ. ಪ್ರಾರ್ಥನೆ ಎರಡೇ ನಿಮಿಷ, ಅದಕ್ಕೇ ಅಷ್ಟು ಹೆದರಿದ್ದೆ. 36 ಮಂಚ, ಅದ್ರಲ್ಲಿ 11 ಅಲ್ಲಾಡ್ತಿತ್ತು, ಗೆರೆ ಎಳೆದು ಎಳೆದು ಮಾರ್ಕರ್ ಖಾಲಿ. ಇಲಿ ಹಿಕ್ಕೆ ರೂಮಲ್ಲಿ ಒಂದೂ ಇರ್ಲಿಲ್ಲ, ಎಲ್ಲ ಇದ್ದಿದ್ದು ಪೈಂಟ್ ಬ್ರಷ್ ಇಟ್ಟಿದ್ದ ಡಬ್ಬದಲ್ಲಿ 😅