ಅಪ್‌ಡೇಟ್: ಮೂರು ಪಾಸ್ ಮುಗಿಸಿ ಬಂದೆ

ಸ್ವಿಟ್ಜರ್ಲೆಂಡಿನ ಆಂಡರ್ಮಾಟ್‌ನಿಂದ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಪಾಸ್‌ಗಳನ್ನು (ಬೆಟ್ಟ ದಾಟುವ ಎತ್ತರದ ದಾರಿಗಳು) ಸೈಕಲ್‌ನಲ್ಲಿ ಒಂದೇ ದಿನ ಸುತ್ತಬಹುದಾ ಅಂತ ಕೇಳಿದ್ದೆ ಅಲ್ವಾ? ಸುತ್ತಿದೆ! ಸುಮಾರು 120 ಕಿ.ಮೀ., 3,000 ಮೀಟರಿಗೂ ಜಾಸ್ತಿ ಏರು.

ಫುರ್ಕಾ ಮೊದಲು ಹತ್ತಿ ಅಂದಿರಿ, ಹಾಗೇ ಮಾಡಿದೆ. ಬೆಳಿಗ್ಗೆ ಆರಕ್ಕೇ ಹೊರಟೆ. ಆಂಡರ್ಮಾಟ್ ಊರೇ 1,447 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ನಮ್ಮ ನಂದಿಬೆಟ್ಟದ ತುದಿಯಷ್ಟು. ಅಲ್ಲಿಂದ ಏರು ಶುರು! 2,429 ಮೀಟರಿನ ಫುರ್ಕಾ ದಾಟಿ ಗ್ಲೆಚ್ ಅನ್ನೋ ಊರಿನ ಕಡೆ ಇಳಿಯುವಾಗ, ಎದುರು ಬೆಟ್ಟದಲ್ಲಿ ಗ್ರಿಮ್ಸೆಲ್‌ನ ತಿರುವುಗಳು ದಾರ ಮಡಚಿಟ್ಟ ಹಾಗೆ ಕಂಡವು. ಕೈಬೆರಳು ಮಾತ್ರ ಮರಗಟ್ಟಿ ಬ್ರೇಕ್ ಹಿಡಿದದ್ದೇ ಗೊತ್ತಾಗುತ್ತಿರಲಿಲ್ಲ. ಪೂರ್ತಿ ಬೆರಳಿನ ಗ್ಲೌಸ್ ತರಲೇಬೇಕಿತ್ತು.

ನಿಜವಾದ ಪರೀಕ್ಷೆ ಸುಸ್ಟೆನ್. ಗ್ರಿಮ್ಸೆಲ್ ದಾಟಿ ಇಳಿದರೆ ಸಿಗುವ ಇನ್ನರ್ಟ್‌ಕಿರ್ಖೆನ್ ಊರು ಬರೀ 625 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ 2,224ಕ್ಕೆ ಹತ್ತಬೇಕು, ಅದೂ ಮಧ್ಯಾಹ್ನದ ಬಿಸಿಲಲ್ಲಿ. ಹಿಂದಿನ ಚಕ್ರದ ಕ್ಯಾಸೆಟ್ (ಗೇರ್ ಹಲ್ಲುಚಕ್ರಗಳ ಸೆಟ್) ಬದಲಿಸಿ, ಅದರ ದೊಡ್ಡ ಹಲ್ಲುಚಕ್ರ 28ರ ಬದಲು 34 ಹಲ್ಲಿನದಿರಲಿ, ಏರು ಹಗುರ ಆಗುತ್ತೆ ಅಂದವರಿಗೆ ಕೈ ಮುಗಿಯುತ್ತೇನೆ. ಅದಿಲ್ಲದಿದ್ದರೆ ಸೈಕಲ್ ತಳ್ಳಿಕೊಂಡೇ ಹೋಗಬೇಕಿತ್ತು. ಕೊನೆಯ ಐದು ಕಿಲೋಮೀಟರ್‌ನಲ್ಲಿ ಮೂರು ಸಲ ಇಳಿದು ನಿಂತೆ. ಉಪ್ಪು ಹಾಕಿದ ನೀರು, ಎರಡು ಬಾಳೆಹಣ್ಣು, ಅಷ್ಟೇ ಉಳಿದಿದ್ದು.

ಸುಸ್ಟೆನ್‌ನಿಂದ ವಾಸೆನ್ ಊರಿಗೆ ಇಳಿದರೆ ಮುಗಿಯಿತು ಅಂದುಕೊಳ್ಳಬೇಡಿ. ಆಂಡರ್ಮಾಟ್‌ಗೆ ಮತ್ತೆ 500 ಮೀಟರ್ ಏರು ಇದೆ. ಆ ದಾರಿಯ ಶೋಲೆನೆನ್ ಕಮರಿಯಲ್ಲಿ ವಾಹನ ಜಾಸ್ತಿ, ಹಿಂದಿನ ಲೈಟ್ ಹಾಕಿಕೊಳ್ಳಿ. ನಾನು ರೂಮು ಸೇರಿದಾಗ ಸಂಜೆ ಏಳೂವರೆ.